ಒಂದ್ಕೈ ಅಕ್ಕ ಮತ್ತು ಅಂಚೆಯಣ್ಣನ ಬಲಭುಜ

ಒಂದ್ಕೈ ಅಕ್ಕನ ಹೆಸರು ಕೇಳಿಕೊಂಡು ಬರುವ ಹೊಸ ಗಿರಾಕಿಗಳು ಬಾಗಿಲಲ್ಲೇ ನಿಂತು, ಒಂದೇ ಕೈಯಿರುವ ಹೆಂಗಸು ಯಾರು ಎಂದು ಕಣ್ಣಾಡಿಸುತ್ತಾರೆ. ದೇವರು ಅವಳಿಗೆ ಎಲ್ಲರಂತೆ ಎರಡು ಕೈ ಕೊಟ್ಟಿದ್ದಾನೆ. ನಮ್ಮನ್ನು ಕೇಳಿದರೆ ಎಂಟು ಎನ್ನುತ್ತೇವೆ. ಯಾರು ಏನು ಮಾಡುತ್ತಿದ್ದರೂ "ತಡಿ, ನಾನೂ ಒಂದ್ ಕೈ ಹಾಕ್ತೀನಿ" ಎಂದು ಬಂದುಬಿಡುವುದರಿಂದ ಆ ಹೆಸರು. ಇಟ್ಟವನು ನಾನೇ. ಎದುರಿಗೆ ಮಾತ್ರ ಬರೀ ಅಕ್ಕ ಎನ್ನುತ್ತೇವೆ. ಜೀವದ ಮೇಲೆ ಆಸೆ ನಮಗೂ ಇದೆ.

ನಾವು ನಾಲ್ಕು ಜನ ದರ್ಜಿಗಳು ಒಂದೇ ಸೂರಿನಡಿ ಕೆಲಸ ಮಾಡುತ್ತೇವೆ. ಹಿಂದೊಮ್ಮೆ ಮರದ ಪೆಟ್ಟಿಗೆ ತುಂಬುತ್ತಿದ್ದ ಗೋದಾಮಿನ ಮಹಡಿ ಅದು. ಕಿಟಕಿಯ ಉದ್ದಕ್ಕೂ ನಮ್ಮ ನಾಲ್ಕು ಮೆಷಿನ್ನು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಮೂಲೆಯಲ್ಲಿ ಇಸ್ತ್ರಿ ಹಲಗೆ, ಗೋಡೆಗೆ ಆಳೆತ್ತರದ ಕನ್ನಡಿ. ಮೆಷಿನ್ನು, ಗಿರಾಕಿ ಅವರವರದು. ಮೇಜು, ಇಸ್ತ್ರಿ, ಕನ್ನಡಿ, ಜಗಳ ಎಲ್ಲರದು. ನಾನು ಪ್ಯಾಂಟಿನವನು. ನನ್ನ ಪಕ್ಕದಲ್ಲಿ ಕಾಜಾ ಮಾವ. ಗುಂಡಿ ತೂರಿಸುವ ಕಾಜಾಗಳನ್ನು ಕೈಯಲ್ಲೇ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಇಲ್ಲ ಎಂದು ಅವರೇ ಹೇಳುತ್ತಾರೆ. ಅವರಾಚೆ ಅಕ್ಕ. ಕೊನೆಯ ಕಿಟಕಿಯ ಬಳಿ, ಈಚೆಗೆ ಬಂದ ಟೇಪಮ್ಮ.

ಬಾಗಿಲ ಬೀಗದ ಕೈ ಅಕ್ಕನ ಬಳಿ ಇರುತ್ತದೆ. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆದು ಕಸ ಗುಡಿಸುತ್ತಾಳೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಹೇಳುವ ಕೆಲಸ ನನಗಿರುತ್ತಿರಲಿಲ್ಲ. ಗುಡಿಸುತ್ತಾ ಒಬ್ಬೊಬ್ಬರ ಮೇಜಿನ ಮೇಲೂ ಕಣ್ಣು ಹಾಯಿಸುತ್ತಾಳೆ. ಸೊಟ್ಟ ಹೊಲಿಗೆ ಕಂಡರೆ ಬಿಚ್ಚುತ್ತಾಳೆ, ಸಡಿಲ ಗುಂಡಿ ಕಂಡರೆ ಬಿಗಿಯುತ್ತಾಳೆ. ನಾವು ಬರುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ, ಅವಳು ಏನೂ ಗೊತ್ತಿಲ್ಲದವಳಂತೆ ತನ್ನ ಮೆಷಿನ್ನಿಗೆ ಎಣ್ಣೆ ಬಿಡುತ್ತಿರುತ್ತಾಳೆ. ಒಂದು ದಿನವೂ ಬಾಯಿಬಿಟ್ಟು ಹೇಳಿಕೊಂಡವಳಲ್ಲ. ಆದರೆ ಅವಳ ಹೊಲಿಗೆ ಸಾಸಿವೆ ಸಾಲಿಟ್ಟ ಹಾಗೆ ಸಣ್ಣ, ಒತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನೋಡಿದ ತಕ್ಷಣ ಯಾರ ಕೈ ಎಂದು ಗೊತ್ತಾಗುತ್ತಿತ್ತು.

ಈ ಉಪಕಾರದಿಂದ ನಾವು ಉದ್ಧಾರವಾದೆವು ಅಂದುಕೊಂಡಿರಾ? ಕಾಜಾ ಮಾವನಿಗೆ ಕುದುರೆ ಕಂಡರೆ ಕಾಲುನೋವು ಅನ್ನೋ ಹಾಗಾಯಿತು. ಸಣ್ಣ ಕಾಜಾಗಳನ್ನು ಹಾಗೇ ಬಿಟ್ಟು ಹೋಗುವುದು, ಬೆಳಗ್ಗೆ ಬಂದು "ಓಹೋ, ಆಗಲೇ ಮಾಡಿಟ್ಟಿದ್ದೆ ಅಲ್ವಾ" ಎನ್ನುವುದು. ಕೊನೆಕೊನೆಗೆ ತಮ್ಮ ಸೂಜಿ ಎಲ್ಲಿದೆ ಅನ್ನುವುದನ್ನೂ ಅಕ್ಕನನ್ನೇ ಕೇಳುತ್ತಿದ್ದರು. ನನ್ನದು ಇನ್ನೊಂದು ರೋಗ. ಯಾರಾದರೂ ಸಹಾಯ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನೀರು ಕೊಟ್ಟರೂ ಅವಮಾನ ಪಡುವ ಗಂಡಸು ಎಂದು ನನ್ನ ಹೆಂಡತಿ ಅನ್ನುತ್ತಾಳೆ. ಒಂದು ಬೆಳಗ್ಗೆ ನಾನು ಮಡಿಸಿ ಹೊಲಿದ ಪ್ಯಾಂಟಿನ ಕಾಲಿನಲ್ಲಿ ಸಾಸಿವೆ ಸಾಲು ಕಂಡಾಗಿನಿಂದ, ಮನೆಗೆ ಹೊರಡುವಾಗ ಅರ್ಧ ಕೆಲಸವನ್ನೆಲ್ಲ ಕಬೋರ್ಡಿಗೆ ಹಾಕಿ ಬೀಗ ಜಡಿಯತೊಡಗಿದೆ. ಒಳಗಿದ್ದದ್ದು ಬೇರೆಯವರ ಪ್ಯಾಂಟು. ಚಿನ್ನವಿಟ್ಟವರೂ ಅಷ್ಟು ಸಲ ಬೀಗ ಎಳೆದು ನೋಡುವುದಿಲ್ಲ.

ಹಾಗಾದರೆ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಜ್ವರ ಬಂದರೆ ಮನೆಗೇ ಗಂಜಿ ಹೊತ್ತು ತರುವವಳು ಅವಳು.

ಅವಳ ಮೇಲೆ ಸಿಟ್ಟು ಬಂದಾಗಲೆಲ್ಲ ಅವಳ ತಮ್ಮನ ಕಥೆ ನೆನಪಾಗಿ ಸಿಟ್ಟು ಇಳಿದುಹೋಗುತ್ತಿತ್ತು. ತಾಯಿ ಬೇಗ ಹೋದ ಮನೆಗೆ ಹಿರಿಯ ಮಗಳು. ಇಬ್ಬರು ತಮ್ಮಂದಿರು, ಒಬ್ಬಳು ತಂಗಿ ಅವಳ ಸೊಂಟದ ಮೇಲೇ ಬೆಳೆದವರು. ಕಿರಿಯವನಿಗೆ ಮೀಸೆ ಬರುವವರೆಗೂ ಅಂಗಿಯ ಗುಂಡಿ ಹಾಕಿದ್ದು ಇವಳೇ. ಅವರಿಗೆಲ್ಲ ಮದುವೆಯಾಯಿತು, ಇವಳಿಗೆ ಪುರುಸೊತ್ತಾಗಲಿಲ್ಲ. ಒಂದು ಸಲ ಕಿರಿಯ ತಮ್ಮನ ಮನೆಗೆ ಹೋದವಳು, ನಾದಿನಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹೊಸದಾಗಿ ಜೋಡಿಸಿಟ್ಟಳು. ಆ ಹುಡುಗಿಗೆ ವಾರವಿಡೀ ಉಪ್ಪು ಸಿಗಲಿಲ್ಲವಂತೆ. ಅಲ್ಲಿಂದಾಚೆ ತಮ್ಮ ಕರೆಯುವುದೇ ಹೀಗೆ: "ಅಕ್ಕಾ, ಬಾ. ಆದ್ರೆ ಬಂದು ಸುಮ್ನೆ ಕೂತ್ಕೋಬೇಕು." ಅಕ್ಕ ಹೋಗುವುದಿಲ್ಲ. "ಸುಮ್ನೆ ಕೂತ್ಕೊಳ್ಳೋಕೆ ನಾನೇನು ಗೊಂಬೆನಾ?" ಎಂದು ನಮ್ಮನ್ನು ಕೇಳುತ್ತಾಳೆ. ನಾವು ನಗುತ್ತೇವೆ. ಅವಳು ನಗುವುದಿಲ್ಲ.

ಇನ್ನೊಬ್ಬರಿಂದ ತೆಗೆದುಕೊಳ್ಳುವ ವಿಷಯಕ್ಕೆ ಬಂದರೆ, ಅವಳ ಮುಂದೆ ನಾನೇ ವಾಸಿ. ಬಟ್ಟೆಯ ಥಾನು ಬಂದರೆ ಕಡಿದಾದ ಮೆಟ್ಟಿಲಲ್ಲಿ ಒಬ್ಬಳೇ ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತಾ ಬರುತ್ತಾಳೆ. ಒಂದು ಸಲ ನಾನು ಇನ್ನೊಂದು ತುದಿ ಹಿಡಿದೆ. "ಬಿಡಪ್ಪ, ನಿನ್ನ ಸೊಂಟ ನೀನು ನೋಡ್ಕೋ" ಎಂದು ಥಾನನ್ನು ಕಿತ್ತುಕೊಂಡಳು. ನನ್ನ ಸೊಂಟದ ವಿಚಾರ ಅವಳಿಗೆ ಹೇಗೆ ಗೊತ್ತಾಯಿತೋ ಕಾಣೆ.

ಇಂಥ ಜಾಗಕ್ಕೆ ಟೇಪಮ್ಮ ಬಂದಳು. ಮೂವತ್ತು ದಾಟಿದ ಹೆಂಗಸು. ಮನೆಯಲ್ಲೇ ಕೂತು ಬೀದಿಯವರ ಬಟ್ಟೆ ಹೊಲಿಯುತ್ತಿದ್ದವಳು, ಹೊರಗೆ ಬಂದು ತನ್ನದೇ ಜಾಗ ಹಿಡಿದದ್ದು ಇದೇ ಮೊದಲು. ಅಳತೆಯ ಟೇಪನ್ನು ಕೊರಳಿಂದ ತೆಗೆದಿಟ್ಟದ್ದು ನಾವು ನೋಡಿರಲಿಲ್ಲ. ಊಟಕ್ಕೆ ಕೂತರೂ ಅದು ಅಲ್ಲೇ. ಅತ್ತೆ ದಿನಾ ಹೊಸಿಲಲ್ಲಿ ನಿಂತು "ಹೋಗಿ ಬಾ, ಎಷ್ಟು ದಿನ ನಡೆಯುತ್ತೋ ನಾನೂ ನೋಡ್ತೀನಿ" ಎಂದು ಹರಸಿ ಕಳಿಸುತ್ತಿದ್ದರಂತೆ.

ಅಕ್ಕನ ಅಭ್ಯಾಸ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿರುತ್ತೇನೆಂದು ಕಾಜಾ ಮಾವ, ಅವರು ಹೇಳಿರುತ್ತಾರೆಂದು ನಾನು. ಹೀಗಾಗಿ ಅವಳು ಸೊಟ್ಟಗೆ ಕೂತ ಕಾಲರನ್ನು ನಾಳೆ ಬಿಚ್ಚೋಣವೆಂದು ಇಟ್ಟುಹೋದರೆ, ಬೆಳಗ್ಗೆ ಕಾಲರು ನೆಟ್ಟಗಿರುತ್ತಿತ್ತು. ಮೊದಮೊದಲು ಅವಳಿಗೆ ಖುಷಿಯಾಯಿತು. ಆಮೇಲೆ ಹೆದರಿಕೆಯಾಯಿತು. ಒಮ್ಮೆ ಅಳೆಯುತ್ತಿದ್ದವಳು ಮೂರು ಸಲ ಅಳೆಯತೊಡಗಿದಳು. ಹೊಲಿದದ್ದನ್ನು ಬೆಳಕಿಗೆ ಹಿಡಿದು, ಇದು ತನ್ನದೇ ಹೌದೋ ಅಲ್ಲವೋ ಎಂಬಂತೆ ನೋಡುತ್ತಾ ನಿಲ್ಲುತ್ತಿದ್ದಳು.

"ಅಣ್ಣಾ, ನಾನು ಮಾಡಿದ್ದು ನನಗೇ ನೆನಪಿರಲ್ಲ. ಹೀಗೆ ನಿಮಗೂ ಆಗುತ್ತಾ?" ಎಂದು ಒಂದು ದಿನ ನನ್ನನ್ನು ಕೇಳಿದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಇಸ್ತ್ರಿ ಹಲಗೆಯ ಹತ್ತಿರದಿಂದ ನಮ್ಮ ಕಡೆಗೇ ಬಂದಳು. "ಇಲ್ಲಿನ ಗಾಳಿಯೇ ಹಾಗಮ್ಮ" ಎಂದು ಹೇಳಿ ಪ್ಯಾಂಟಿನೊಳಗೆ ತಲೆ ಹುದುಗಿಸಿದೆ.

ಆಗ ಬಂದದ್ದು ಅಂಚೆಯಣ್ಣನ ಕೋಟು. ಟೇಪಮ್ಮನ ಬೀದಿಗೆ ಕಾಗದ ಹಂಚುವವರು, ನಿವೃತ್ತಿಯ ಹೊಸಿಲಲ್ಲಿದ್ದರು. ಜೀವಮಾನವಿಡೀ ಬಲಭುಜಕ್ಕೆ ಚೀಲ ನೇತುಹಾಕಿ ನೇತುಹಾಕಿ ಆ ಭುಜ ಇಳಿದೇ ಹೋಗಿತ್ತು. ಯಾವ ಫೋಟೋ ನೋಡಿದರೂ ಪಕ್ಕದವರ ಗುಟ್ಟು ಕೇಳಲು ಬಗ್ಗಿದವರ ಹಾಗೆ ನಿಂತಿರುತ್ತಾರೆ. ಮೊಮ್ಮಕ್ಕಳು ಕರೆಯುವುದೇ ವಾಲು ತಾತ ಅಂತ. "ಬೀಳ್ಕೊಡುಗೆ ದಿನ ಒಂದ್ ಫೋಟೋದಲ್ಲಾದ್ರೂ ನೆಟ್ಟಗೆ ನಿಲ್ಬೇಕು ಕಣಮ್ಮ. ಆಗುತ್ತಾ?" ಎಂದು ಟೇಪಮ್ಮನನ್ನು ಕೇಳಿದರು. ಆಗುತ್ತದೆ ಎಂದಳು. ಬಲಭುಜವನ್ನು ಬೇಕೆಂದೇ ಎತ್ತರಕ್ಕೆ ಕತ್ತರಿಸಿ, ಒಳಗೆ ದಪ್ಪ ಪ್ಯಾಡು ಕೂರಿಸಿ, ನೋಡುವವರ ಕಣ್ಣಿಗೆ ಎರಡೂ ಸಮ ಕಾಣುವ ಹಾಗೆ ಮಾಡುವುದು ಅವಳ ಲೆಕ್ಕಾಚಾರ.

ಅದಕ್ಕಾಗಿ ಅವಳು ಪಟ್ಟ ಪಾಡು ನನ್ನ ಕಣ್ಣೆದುರಿಗೇ ನಡೆಯಿತು. ಒಂದು ಸಂಜೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಣ್ಣಾ, ಈ ಕೋಟು ಸರಿ ಬಂದ್ರೆ ಇಲ್ಲೇ ಇರ್ತೀನಿ. ಕೆಟ್ಟರೆ ಮೆಷಿನ್ ಎತ್ಕೊಂಡು ಮನೆಗೆ ಹೋಗ್ತೀನಿ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ದಿದ್ಮೇಲೆ ಇನ್ನೊಬ್ರ ಬಟ್ಟೆಗೆ ಕತ್ತರಿ ಇಡೋದು ತಪ್ಪು." ಆಡಿದ ಮಾತಿಗೆ ತಪ್ಪುವ ಪೈಕಿ ಅಲ್ಲ ಅವಳು.

ಬೀಳ್ಕೊಡುಗೆಯ ಹಿಂದಿನ ದಿನ ಕೊನೆಯ ಬಾರಿ ತೊಡಿಸಿ ನೋಡುವುದಿತ್ತು. ಅದರ ಹಿಂದಿನ ಸಂಜೆ ಕೋಟನ್ನು ಹ್ಯಾಂಗರಿಗೆ ತೂಗುಹಾಕಿ ಮನೆಗೆ ಹೋದಳು. ಬೆಳಗ್ಗೆ ಅಕ್ಕ ಪೊರಕೆ ಹಿಡಿದು ಬಂದವಳು ನೋಡುತ್ತಾಳೆ: ಒಂದು ಭುಜ ಮೇಲೆ, ಇನ್ನೊಂದು ಕೆಳಗೆ. ಅಳತೆಯೆಲ್ಲ ಟೇಪಮ್ಮನ ಮನೆಯಲ್ಲೇ ಆಗಿತ್ತು, ಅಂಚೆಯಣ್ಣನನ್ನು ಅಕ್ಕ ಕಂಡೇ ಇರಲಿಲ್ಲ; ಅಯ್ಯೋ ಪಾಪ ಅನ್ನಿಸಿತಂತೆ. ಪೊರಕೆ ಮೂಲೆಗಿಟ್ಟು ಕೂತಳು. ಹೊಲಿಗೆ ಬಿಚ್ಚಿದಳು, ಪ್ಯಾಡಿನ ಪದರ ಕಿತ್ತಳು, ಹೆಚ್ಚಿದ್ದ ಬಟ್ಟೆಯನ್ನು ಎಡಭುಜಕ್ಕೆ ಸಮವಾಗುವಂತೆ ಕತ್ತರಿಸಿ ತೆಗೆದು, ತನ್ನ ಸಾಸಿವೆ ಹೊಲಿಗೆ ಹೊಲಿದು, ಮೇಲೆ ಇಸ್ತ್ರಿಯನ್ನೂ ಹಾಕಿ ಮೊದಲಿದ್ದಲ್ಲೇ ತೂಗುಹಾಕಿದಳು. ನಾನು ಬಂದಾಗ ತುಂಡುಗಳನ್ನೆಲ್ಲ ಗುಡಿಸಿ ಮುಗಿಸಿ ಏನೋ ಗುನುಗುತ್ತಿದ್ದಳು. ಅವಳು ಗುನುಗಿದ ದಿನ ಯಾರಿಗೋ ಭಾರಿ ಉಪಕಾರವಾಗಿದೆ ಎಂದೇ ಅರ್ಥ. ನನ್ನ ಕಬೋರ್ಡಿನ ಬೀಗ ನೋಡಿಕೊಂಡೆ. ಭದ್ರವಾಗಿತ್ತು, ಸಮಾಧಾನವಾಯಿತು.

ಮಧ್ಯಾಹ್ನ ಅಂಚೆಯಣ್ಣ ಬಂದರು. ಕ್ಷೌರ ಮಾಡಿಸಿಕೊಂಡು, ಹೊಸ ಅಂಗಿ ಹಾಕಿಕೊಂಡು, ಕೈಯಲ್ಲೊಂದು ಟೀ ಫ್ಲಾಸ್ಕು ಹಿಡಿದು, ಮದುಮಗನ ಹಾಗೆ ನಾಚುತ್ತಾ ಬಂದರು. ಟೇಪಮ್ಮ ಕೋಟು ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಕನ್ನಡಿಯಲ್ಲಿ ಎಂದಿನ ವಾಲು ತಾತನೇ ನಿಂತಿದ್ದರು. ಬಲಭುಜವನ್ನು ಒಂದು ಸಲ ಎತ್ತಿ ನೋಡಿದರು. ಅದು ಮತ್ತೆ ತನ್ನ ಜಾಗಕ್ಕೆ ಇಳಿಯಿತು.

"ಪರವಾಗಿಲ್ಲಮ್ಮ. ನಾನಿರೋದೇ ಹೀಗಲ್ವಾ. ಕೋಟು ತಾನೇ ಏನು ಮಾಡುತ್ತೆ ಪಾಪ" ಎಂದರು.

ಟೇಪಮ್ಮ ಬಲಭುಜ ಅಳೆದಳು, ಎಡಭುಜ ಅಳೆದಳು. ಮತ್ತೆ ಅಳೆದಳು. ಮುಖದಲ್ಲಿ ರಕ್ತವಿರಲಿಲ್ಲ. "ನಾನು ಎತ್ತರ ಮಾಡಿದ್ದೆ" ಎಂದಳು. ಟೇಪಿನ ಅಂಕಿ ಮತ್ತೆ ನೋಡಿ, "ಮಾಡಿದ್ದೀನಿ ಅಂದ್ಕೊಂಡಿದ್ದೆ" ಎಂದಳು. ಆಮೇಲೆ ಕೊರಳಿನ ಟೇಪು ತೆಗೆದು, ಸುತ್ತಿ, ಮೇಜಿನ ಮೇಲಿಟ್ಟಳು.

"ಅಣ್ಣಾ, ಸಾಯಂಕಾಲ ಮೆಷಿನ್ ಕೆಳಗಿಳಿಸೋಕೆ ಸ್ವಲ್ಪ ಬರ್ತೀರಾ?"

ನಾನು ಕೋಟಿನ ಭುಜ ನೋಡಿದೆ. ಸಾಸಿವೆ ಸಾಲು. ಕಾಜಾ ಮಾವನೂ ನೋಡಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಕ್ಕ ಇಸ್ತ್ರಿ ಹಿಡಿದು ನಿಂತಿದ್ದಳು. ಸುಮ್ಮನಿದ್ದುಬಿಟ್ಟಿದ್ದರೆ ಟೇಪಮ್ಮ ತನ್ನ ತಲೆಯನ್ನೇ ಬೈದುಕೊಳ್ಳುತ್ತಾ ಮೆಟ್ಟಿಲಿಳಿದು ಹೋಗುತ್ತಿದ್ದಳು. ಅಕ್ಕ ಇಸ್ತ್ರಿಯನ್ನು ಪಕ್ಕಕ್ಕಿಟ್ಟಳು.

"ಮರೆವು ನಿನ್ನದಲ್ಲ ಕಣೆ. ಕೈ ನನ್ನದು" ಎಂದಳು.

ಎಲ್ಲವನ್ನೂ ಹೇಳಿದಳು. ಬೆಳಗಿನ ಭುಜ, ಹಿಂದಿನ ಕಾಲರು, ಅದಕ್ಕೂ ಹಿಂದಿನ ತೋಳು. ಟೇಪಮ್ಮ ರೇಗಲಿಲ್ಲ. ರೇಗಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು.

"ಅಷ್ಟೂ ನೀವೇನಾ ಅಕ್ಕ?"

"ಅಷ್ಟೂ ಅಲ್ಲ. ಹೆಚ್ಚುಕಮ್ಮಿ."

"ನಾನು ತಲೆ ತೋರಿಸೋಕೆ ಡಾಕ್ಟರ ಹತ್ರ ಹೋಗಿ ಬಂದೆ" ಎಂದಳು ಟೇಪಮ್ಮ. "ಮನೇಲಿ ಯಾರಿಗೂ ಹೇಳದೆ."

ಅಂಚೆಯಣ್ಣ ಕೋಟು ಹಾಕಿಕೊಂಡೇ ಬೆಂಚಿನ ಮೇಲೆ ಕೂತುಬಿಟ್ಟರು. ಅಕ್ಕನ ಮುಖ ಹಾಗೆ ಬಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಆ ಬಾಡಿದ ಮುಖದಲ್ಲೇ ಎರಡೂ ಕೈ ಮುಂದೆ ಬಂದವು. "ಕೊಡು ಇಲ್ಲಿ, ಒಂದ್ ಕೈ ಹಾಕಿ..."

"ಅಕ್ಕಾ, ನೀವು ಕೂತ್ಕೊಳ್ಳಿ."

"ಕೂತ್ಕೊಂಡು ಏನ್ ಮಾಡ್ಲಿ?"

"ಏನೂ ಮಾಡ್ಬೇಡಿ."

ಅಕ್ಕ ಅಂಚೆಯಣ್ಣನ ಪಕ್ಕ ಕೂತಳು. ಟೇಪಮ್ಮ ಮೇಜಿನ ಮೇಲಿದ್ದ ಟೇಪನ್ನು ಎತ್ತಿ ಮತ್ತೆ ಕೊರಳಿಗೆ ಹಾಕಿಕೊಂಡಳು. ಅಂಚೆಯಣ್ಣನ ಮೈಯಿಂದ ಕೋಟು ಬಿಡಿಸಿ ಮೇಜಿನ ಮೇಲೆ ಹರಡಿ, ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತಳು. ಕತ್ತರಿಸಿಹೋದ ಬಟ್ಟೆ ವಾಪಸ್ಸು ಬರುವಂಥದ್ದಲ್ಲ. ಮತ್ತೆ ದಪ್ಪ ಪ್ಯಾಡು ತುಂಬಿದರೆ ಕೋಟಿನ ಬಲಭಾಗವೆಲ್ಲ ಮೇಲೇರುತ್ತದೆ. ಆಗ ಆ ಕಡೆಯ ಅಂಚು ಬಿಚ್ಚಿ ಕೆಳಗಿಳಿಸಬೇಕು, ಜೇಬು ಕಿತ್ತು ಇಳಿಸಬೇಕು, ಕಂಕುಳನ್ನು ಆಳ ಮಾಡಬೇಕು. ಒಬ್ಬರಿಂದ ಸಂಜೆಯೊಳಗೆ ಆಗುವ ಕೆಲಸವಲ್ಲ.

ಎದ್ದು ಹೋಗಿ ಅವಳ ಪಕ್ಕ ನಿಂತೆ. "ನಾನೇನು ಮಾಡ್ಲಿ?" ಎಂದು ಕೇಳಿದೆ. ಈ ಮಹಡಿಯಲ್ಲಿ ಕೈ ಹಾಕುವ ಮೊದಲು ಬಾಯಲ್ಲಿ ಕೇಳಿದ್ದು ಬಹುಶಃ ಅದೇ ಮೊದಲು.

ಟೇಪಮ್ಮ ನನ್ನತ್ತ ನೋಡಿದಳು. ಮುಖಕ್ಕೆ ಸ್ವಲ್ಪ ರಕ್ತ ಬಂತು. "ನೀವು ಕೆಳಗಿನ ಅಂಚು ಬಿಚ್ಚಿ, ಅಣ್ಣ. ಇಲ್ಲಿಂದ ಇಲ್ಲಿಗೆ. ಮಾವ, ನೀವು ಜೇಬು."

ಕಾಜಾ ಮಾವ ಎದ್ದರು. "ನನ್ನ ಸೂಜಿ ಎಲ್ಲಮ್ಮ?" ಎಂದು ಅಭ್ಯಾಸಬಲದಿಂದ ಅಕ್ಕನ ಕಡೆ ತಿರುಗಿದರು. ಅಕ್ಕನ ಬೆರಳು ಅರ್ಧಕ್ಕೆ ಎದ್ದಿತು. ಟೇಪಮ್ಮ ನೋಡಿದಳು. ಬೆರಳು ಇಳಿಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಮಾವ ಡ್ರಾಯರು, ಪೆಟ್ಟಿಗೆ, ಮೆಷಿನ್ನಿನ ಕೆಳಗೆಲ್ಲ ತಡಕಾಡಿ, ಕೊನೆಗೆ ತಮ್ಮದೇ ಅಂಗಿಯ ಕಾಲರಿನಲ್ಲಿ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ಎಳೆದುಕೊಂಡರು. ಆ ದಿನ ಜೇಬನ್ನು ಅವರು ಹೊಲಿದ ರೀತಿ ನೋಡಿ, ಹಿಂದೆ ಅವರು ತಮ್ಮ ಬಗ್ಗೆ ಕೊಚ್ಚಿಕೊಂಡದ್ದೆಲ್ಲ ಸುಳ್ಳಲ್ಲ ಎಂದುಕೊಂಡೆ.

ಅಕ್ಕ ಕೂತೇ ಇದ್ದಳು. ಮಡಿಲಲ್ಲಿ ಬೆರಳುಗಳು ಮಾತ್ರ ಗಾಳಿಯಲ್ಲೇ ಹೊಲಿಯುತ್ತಿದ್ದವು.

"ರಜೆ ಹಾಕಿದ ದಿನ ನನಗೂ ಹೀಗೇ" ಎಂದರು ಅಂಚೆಯಣ್ಣ. "ಚೀಲ ಇಲ್ದಿದ್ರೆ ಭುಜ ಎಲ್ಲಿಡೋದು ಅಂತಾನೇ ಗೊತ್ತಾಗಲ್ಲ." ಫ್ಲಾಸ್ಕು ತೆರೆದು ಮುಚ್ಚಳಕ್ಕೆ ಟೀ ಬಗ್ಗಿಸಿದರು. ಅಕ್ಕ ಎದ್ದೇಬಿಟ್ಟಳು: "ಕೊಡಿ, ನಾನು ಬಗ್ಗಿಸ್ತೀನಿ."

"ನಿಮಗೇ ತಾಯಿ ಇದು. ಕೂತು ಕುಡೀರಿ."

ಬೇರೆಯವರು ಬಗ್ಗಿಸಿಕೊಟ್ಟ ಟೀಯನ್ನು ಅವಳು ಕುಡಿದದ್ದನ್ನು ನಾನು ನೋಡಿದ್ದು ಅಂದೇ. ಔಷಧಿ ಕುಡಿಯುವ ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಗುಟುಕು ಗುಟುಕಾಗಿ ಕುಡಿದಳು. ಕಣ್ಣು ತುಂಬಿತ್ತು. "ಸಕ್ಕರೆ ಜಾಸ್ತಿ ಆಯ್ತು" ಎಂದಳು. ಆದರೂ ಪೂರ್ತಿ ಕುಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಅಂಚು, ಜೇಬು, ಕಂಕುಳು ಎಲ್ಲ ಮುಗಿದವು. ಉಳಿದದ್ದು ಬಲಭುಜದ ಮೇಲಿನ ಹೊಲಿಗೆ. ಅಕ್ಕ ಕತ್ತರಿಸಿದ ಕಡೆ ಅಂಚಿನಲ್ಲಿ ಬಟ್ಟೆಯೇ ಉಳಿದಿರಲಿಲ್ಲ. ಟೇಪಮ್ಮ ಎರಡು ಸಲ ಹೊಲಿದಳು, ಎರಡು ಸಲವೂ ಎಳೆ ಬಿಟ್ಟುಕೊಂಡಿತು. ಆ ಎಳೆಗಳನ್ನು ಹಿಡಿದು ನಿಲ್ಲಿಸುವ ಹೊಲಿಗೆ ಈ ಮಹಡಿಯಲ್ಲಿ ಒಂದೇ ಒಂದು. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಬೆಂಚಿನ ಮೇಲೆ ಕೂತವಳಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಆದರೂ ತುಟಿ ಬಿಚ್ಚಲಿಲ್ಲ.

ಟೇಪಮ್ಮ ತಿರುಗಿದಳು. "ಅಕ್ಕಾ, ಇಲ್ಲಿಗೆ ನಿಮ್ಮ ಕೈ ಬೇಕು."

ಓಡಿ ಬರುತ್ತಾಳೆ ಎಂದುಕೊಂಡಿದ್ದೆ. ನಿಧಾನವಾಗಿ ಬಂದಳು. ಕೋಟು ಮುಟ್ಟುವ ಮೊದಲು ಕೇಳಿದಳು: "ಎಲ್ಲಿಂದ ಎಲ್ಲಿವರೆಗೆ?"

ಟೇಪಮ್ಮ ಸೀಮೆಸುಣ್ಣದಿಂದ ಎರಡು ಗುರುತು ಹಾಕಿದಳು. ಅಕ್ಕ ಸಾಸಿವೆ ಸಾಲು ಶುರುಮಾಡಿ ಎರಡನೆಯ ಗುರುತಿಗೆ ಸರಿಯಾಗಿ ನಿಲ್ಲಿಸಿದಳು. ಗುರುತಿನಾಚೆ ಒಂದು ಎಳೆ ಎದ್ದು ನಿಂತಿತ್ತು. ಅಕ್ಕ ಅದನ್ನು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ. ಕತ್ತರಿ ಕೈಯಳತೆಯಲ್ಲೇ ಇತ್ತು. ಅಕ್ಕ ಸೂಜಿ ಕೆಳಗಿಟ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಆ ಎಳೆಯನ್ನು ಟೇಪಮ್ಮನೇ ಕತ್ತರಿಸಿದಳು.

ಕನ್ನಡಿಯ ಮುಂದೆ ಅಂಚೆಯಣ್ಣ ನೆಟ್ಟಗೆ ನಿಂತರು. ಆ ಕಡೆ ತಿರುಗಿದರು, ಈ ಕಡೆ ತಿರುಗಿದರು. ಆಮೇಲೆ ಟೇಪಮ್ಮನ ತಲೆ ಸವರಿದರು. ಅವರು ಕಳಿಸಿದ ಫೋಟೋ ಈಗ ಕನ್ನಡಿಯ ಪಕ್ಕದಲ್ಲೇ ಇದೆ. ಭುಜಗಳು ಅಳೆದಿಟ್ಟ ಹಾಗೆ ಸಮವಾಗಿವೆ. ತಲೆ ಮಾತ್ರ ಅಭ್ಯಾಸದಿಂದ ಬಲಕ್ಕೆ ವಾಲಿದೆ. ಅದನ್ನು ಸರಿಮಾಡುವ ದರ್ಜಿ ಇನ್ನೂ ಹುಟ್ಟಿಲ್ಲ. ಟೇಪಮ್ಮನ ಮೆಷಿನ್ನು ಕಿಟಕಿಯ ಬಳಿಯೇ ಇದೆ. ಈಗ ಒಂದೇ ಸಲ ಅಳೆಯುತ್ತಾಳೆ.

ಅಕ್ಕ ಬದಲಾದಳೇ ಎಂದು ಕೇಳಿದರೆ ಏನು ಹೇಳಲಿ. ಈಗ ಕೇಳಿ ಕೈ ಹಾಕುತ್ತಾಳೆ. ದಿನಕ್ಕೆ ನೂರು ಸಲ ಕೇಳುತ್ತಾಳೆ. ದಾರ ಕಡಿಯಲು ಬಾಯಿ ತೆರೆದರೆ ಸಾಕು, ಆ ಮೂಲೆಯಿಂದ "ಒಂದ್ ಕೈ ಹಾಕ್ಲಾ?" ಎಂದು ಕೂಗು. ಮುಂಚಿನದೇ ವಾಸಿಯಿತ್ತು ಎಂದು ಕಾಜಾ ಮಾವ ಗೊಣಗುತ್ತಾರೆ, ಗೊಣಗುತ್ತಲೇ ತಮ್ಮ ಕಾಜಾ ತಾವೇ ಹೊಲಿಯುತ್ತಾರೆ. ನಾನು ಕಬೋರ್ಡಿನ ಬೀಗ ತೆಗೆದುಹಾಕಿದ್ದೇನೆ.

ಮೊನ್ನೆ ಅಕ್ಕನ ಹೆಸರಿಗೆ ದೊಡ್ಡ ಥಾನು ಬಂತು. ಎಂದಿನಂತೆ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುವ ಸದ್ದು, ಏದುಸಿರು ನಮಗೆ ಮೇಲಕ್ಕೆ ಕೇಳುತ್ತಿತ್ತು. ನಾವು ಏಳಲಿಲ್ಲ; ಎದ್ದರೆ ಬೈಗುಳ ಗ್ಯಾರಂಟಿ. ಅರ್ಧ ದಾರಿಯಲ್ಲಿ ಸದ್ದು ನಿಂತಿತು. ಎಷ್ಟು ಹೊತ್ತಾದರೂ ಮುಂದಿನ ಹೆಜ್ಜೆ ಕೇಳಲಿಲ್ಲ. ಕಾಜಾ ಮಾವನ ಸೂಜಿ ನಿಂತಿತು, ಟೇಪಮ್ಮನ ಮೆಷಿನ್ನೂ ನಿಂತಿತು. ಆಮೇಲೆ ಕೆಳಗಿನಿಂದ, ಅವಳದೇ ಎಂದು ನಂಬಲಾಗದಷ್ಟು ಸಣ್ಣ ದನಿಯೊಂದು ಬಂತು.

"ಯಾರಾದ್ರೂ ಒಂದ್ ಕೈ ಹಾಕ್ತೀರೇನಪ್ಪ?"

ಮೂವರೂ ಒಟ್ಟಿಗೆ ನುಗ್ಗಿ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡೆವು. ನನ್ನ ಸೊಂಟ ಉಳುಕಿತು, ಕಾಜಾ ಮಾವನ ಕನ್ನಡಕ ಬಿತ್ತು. ನಮ್ಮಿಬ್ಬರ ನಡುವೆ ನುಸುಳಿ ಮೊದಲು ಇಳಿದವಳು ಟೇಪಮ್ಮ. ಮುಟ್ಟುವ ಮೊದಲು ಅಕ್ಕನನ್ನು ಕೇಳಿದಳು:

"ಯಾವ ಕಡೆ ಹಿಡೀಲಿ ಅಕ್ಕ?"